ಬಾಣೆಯ ಸೊಪ್ಪು, ಗದ್ದೆಯ ಸಾರ

ಕೊಡಗಿನಲ್ಲಿ ಮಣ್ಣಿನ ಸಾರದ ಲೆಕ್ಕ ಶುರುವಾಗುವುದು ನೆಲದ ಏರು-ತಗ್ಗಿನಿಂದ. ಗುಡ್ಡದ ಮೈ ಬಾಣೆ. ಗುಡ್ಡಗಳ ನಡುವಿನ ತಗ್ಗು ಭತ್ತದ ಗದ್ದೆ. ಮಳೆಗಾಲದಲ್ಲಿ ಮೇಲಿನಿಂದ ಹರಿದು ಬಂದ ಗೋಡು ಗದ್ದೆಯಲ್ಲಿ ತಂಗುತ್ತದೆ. ಉಳಿದದ್ದನ್ನು ಮನುಷ್ಯರೇ ಇಳಿಸುತ್ತಿದ್ದರು: ಬಾಣೆಯಲ್ಲಿ ಕಡಿದ ಸೊಪ್ಪು ಕೊಟ್ಟಿಗೆಯಲ್ಲಿ ದನಗಳ ಕಾಲಡಿಯ ಹಾಸಾಗಿ, ಸಗಣಿ-ಗಂಜಲದಲ್ಲಿ ನೆನೆದು, ಗೊಬ್ಬರದ ಗುಂಡಿ ಸೇರಿ, ಉಳುಮೆಯ ಹೊತ್ತಿಗೆ ಗದ್ದೆಗೆ ಬೀಳುತ್ತಿತ್ತು. ಈ ನಂಟು ಕಾನೂನಿನಲ್ಲೂ ದಾಖಲಾಗಿದೆ. 1899ರ ಕೊಡಗು ಭೂಕಂದಾಯ ಶಾಸನದ ಪ್ರಕಾರ ಗದ್ದೆಗೆ ಹೊಂದಿಕೊಂಡ ಬಾಣೆಗೆ ಕಂದಾಯವಿರಲಿಲ್ಲ. ಅದು ಮೇವು, ಸೊಪ್ಪು, ಸೌದೆ ಮತ್ತು ಸಣ್ಣಪುಟ್ಟ ಮರಮುಟ್ಟಿಗೆಂದು ಬಿಟ್ಟ ನೆಲ. ಉತ್ತರ ಕನ್ನಡದಲ್ಲಿ ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟ ಇರುವಂತೆ ಇಲ್ಲಿ ಗದ್ದೆಗೆ ಬಾಣೆ.

ಈಗ ಬಹುಪಾಲು ಬಾಣೆಗಳಲ್ಲಿ ಕಾಫಿ ನಿಂತಿದೆ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳೆಯುವ ಈ ಜಿಲ್ಲೆಯಲ್ಲಿ ಬೆಳೆಗಾರರಲ್ಲಿ ಹೆಚ್ಚಿನವರು ಸಣ್ಣ ಹಿಡುವಳಿದಾರರು. ಗದ್ದೆಗೆ ಹೋಗುತ್ತಿದ್ದ ಎಲೆ ಈಗ ಬಿದ್ದಲ್ಲೇ ಗೊಬ್ಬರವಾಗಬೇಕು. ಹಾಗಾಗಿ ತೋಟದ ಮಣ್ಣನ್ನು ನೋಡುವವರು ಮೊದಲು ತರಗೆಲೆ ಸರಿಸುತ್ತಾರೆ. ಮೇಲೆ ಒಣ ಎಲೆ, ಅದರಡಿ ಅರ್ಧ ಕೊಳೆತು ಬಿಳಿ ಶಿಲೀಂಧ್ರದ ಎಳೆ ಹಿಡಿದ ಪದರ, ಕೆಳಗೆ ಕಪ್ಪು ಹುಡಿಮಣ್ಣು, ಎರೆಹುಳುವಿನ ಹಿಕ್ಕೆ. ರೊಬಸ್ಟಾ ಕಾಫಿಯ ಕೂದಲೆಳೆಯಂಥ ಬೇರುಗಳು ಈ ಪದರಕ್ಕೇ ಏರಿ ಬಂದಿದ್ದರೆ ನೆಲ ಚೆನ್ನಾಗಿದೆ ಎಂದರ್ಥ. ಅಂಥಲ್ಲಿ ಕಳೆಯನ್ನು ಕತ್ತಿಯಿಂದ ಸವರುವುದೇ ಲೇಸು. ಗುದ್ದಲಿ ಹಾಕಿದರೆ ಬೇರಿಗೇ ಪೆಟ್ಟು.

ನೆರಳಿನ ಮರಗಳ ಆಯ್ಕೆಯಲ್ಲೂ ಮಣ್ಣಿನ ಮಾತಿದೆ. ಹಾಲುವಾಣ ದ್ವಿದಳ ಜಾತಿಯ ಮರ. ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿಯುತ್ತದೆ, ಗೂಟ ನೆಟ್ಟರೂ ಚಿಗುರುತ್ತದೆ, ಮರಗಸಿಯಲ್ಲಿ, ಅಂದರೆ ನೆರಳು ತಗ್ಗಿಸಲು ರೆಂಬೆ ಸವರುವಾಗ, ಉದುರಿಸಿದ ಸೊಪ್ಪು ಬೇಗ ಕರಗುತ್ತದೆ. ಸಿಲ್ವರ್ ಓಕ್‌ನ ಎಲೆ ಗಡುಸು, ಕೊಳೆಯಲು ತಡ. ಆದರೂ ಅದು ಹಬ್ಬಿದೆ: ಬೇಗ ಬೆಳೆಯುತ್ತದೆ, ಕಾಳುಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಕಾಡುಮರಕ್ಕಿರುವ ಪರವಾನಗಿಯ ತಲೆನೋವು ಇದನ್ನು ಕಡಿಯುವಾಗ ಇಲ್ಲ. ಮಣ್ಣಿನ ಹಿತ ಗೊತ್ತಿಲ್ಲದೆ ಆದ ಬದಲಾವಣೆ ಇದಲ್ಲ. ಲೆಕ್ಕದಲ್ಲಿ ಮರಮುಟ್ಟಿನ ಹಣ ಗೆದ್ದಿತು, ಅಷ್ಟೆ.

ಇಳಿಜಾರಿನಲ್ಲಿ ಗಿಡಗಳ ಸಾಲಿನ ನಡುವೆ ಅಡ್ಡಲಾಗಿ ತೋಡುವ ತೊಟ್ಟಿಲು ಗುಂಡಿ ಮಳೆನೀರಿನ ಓಟ ತಡೆದು, ಎಲೆ-ಮಣ್ಣನ್ನು ಹಿಡಿದಿಟ್ಟುಕೊಳ್ಳುತ್ತದೆ. ತುಂಬಿದ ಗುಂಡಿಯ ಮಣ್ಣನ್ನು ತೆಗೆದು ಗಿಡದ ಸುತ್ತ ಹರಡಿದರೆ ಕೊಚ್ಚಿಹೋಗಬೇಕಿದ್ದ ಸಾರ ಗಿಡಕ್ಕೇ ಮರಳುತ್ತದೆ. ಗುಡ್ಡವೇ ಜಾರಿದಲ್ಲಿ ಈ ಉಪಾಯ ನಡೆಯದು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಭೂಕುಸಿತದಲ್ಲಿ ಮೇಲ್ಮಣ್ಣೇ ಹೊರಟುಹೋಗಿ ಸಾರವಿಲ್ಲದ ಕೆಂಪು ಒಳಮಣ್ಣು ತೆರೆದುಕೊಂಡಿತು.

ಕಣ್ಣಿಗೆ ಕಾಣದ ಸಂಗತಿಯೂ ಒಂದಿದೆ, ಮಣ್ಣಿನ ಹುಳಿ. ಜೋರು ಮಳೆ ಸುಣ್ಣದ ಅಂಶವನ್ನೂ ಮೆಗ್ನೀಷಿಯಂ ಅನ್ನೂ ತೊಳೆದೊಯ್ಯುತ್ತದೆ. ಯೂರಿಯಾದಂಥ ಗೊಬ್ಬರ ಹುಳಿಯನ್ನು ಇನ್ನಷ್ಟು ಏರಿಸುತ್ತದೆ. ಜರಿಗಿಡ ದಟ್ಟವಾಗಿ ಹಬ್ಬಿದರೆ, ಕಾಫಿಯ ಹಳೆ ಎಲೆಯ ನರಗಳ ನಡುವೆ ಹಳದಿ ಮೂಡಿದರೆ ಅನುಮಾನ ಪಡಬಹುದು. ಆದರೆ ಎಷ್ಟು ಸುಣ್ಣ ಬೇಕೆಂಬುದನ್ನು ಎಲೆ ಹೇಳದು. ಕಪ್ಪಗೆ ಹುಡಿಹುಡಿಯಾಗಿ ಕಾಣುವ ಮಣ್ಣೂ ಹುಳಿಯಾಗಿರಬಹುದು. ಅದಕ್ಕೆ ಮಣ್ಣು ಪರೀಕ್ಷೆಯೇ ಆಗಬೇಕು. ಪರೀಕ್ಷೆಗೆ ಚೆಟ್ಟಳ್ಳಿಯಲ್ಲಿ ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರವಿದೆ. ಮಾದರಿ ತೆಗೆಯುವಾಗ ತರಗೆಲೆ ಸರಿಸಿ, ತೋಟದ ಹಲವು ಕಡೆಯ ಮಣ್ಣು ಬೆರೆಸಬೇಕು. ಗೊಬ್ಬರ ಹಾಕಿದ ಹೊಸತರಲ್ಲಿ ತೆಗೆಯಬಾರದು. ಸುಣ್ಣವನ್ನೂ ಅಮೋನಿಯಾ ಇರುವ ಗೊಬ್ಬರವನ್ನೂ ಒಟ್ಟಿಗೆ ಹಾಕುವುದು ಬೇಡ, ಸಾರಜನಕ ಗಾಳಿಯ ಪಾಲಾಗುತ್ತದೆ.