ಕಾಡಿನ ಚಿತ್ರದಲ್ಲಿ ಲೇಶ್ಯೆಯ ಬಣ್ಣಗಳು

ಶ್ರವಣಬೆಳಗೊಳದ ಜೈನಮಠದ ಗೋಡೆಗಳ ಮೇಲೆ ಪಾರ್ಶ್ವನಾಥ ಸ್ವಾಮಿಯ ಜೀವನ ಪ್ರಸಂಗಗಳೂ ನಾಗಕುಮಾರನ ಕಥೆಯೂ ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರೂ ಚಿತ್ರಿತವಾಗಿವೆ. ಅವುಗಳ ನಡುವೆ ಒಂದು ಕಾಡಿನ ದೃಶ್ಯವಿದೆ. ದರ್ಬಾರಿನ ವೈಭವವನ್ನು ನೋಡಿದ ಕಣ್ಣಿಗೆ ಆ ಕಾಡು ಬರಿಯ ಅಲಂಕಾರದಂತೆ ತೋರಬಹುದು. ಆದರೆ ಅಲ್ಲಿನ ಮರವು ಆರು ಲೇಶ್ಯೆಗಳ ನಿರೂಪಣೆಯಾಗಿದೆ.

ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಈ ದೃಷ್ಟಾಂತವನ್ನು ಕೊಟ್ಟಿದ್ದಾರೆ. ದಾರಿ ತಪ್ಪಿದ ಆರು ಮಂದಿ ಪಥಿಕರು ನಟ್ಟಡವಿಯಲ್ಲಿ ಹಣ್ಣು ತುಂಬಿದ ಮರವನ್ನು ಕಾಣುತ್ತಾರೆ. ಬುಡಸಹಿತ ಕಡಿಯಬೇಕೆನ್ನುವವನು ಕೃಷ್ಣಲೇಶ್ಯೆಯವನು. ಕಾಂಡವನ್ನು ಕಡಿಯಬೇಕೆನ್ನುವವನು ನೀಲ. ಹೆಗ್ಗೊಂಬೆಯನ್ನು ಬಯಸುವವನು ಕಪೋತ. ಕಿರುಗೊಂಬೆ ಸಾಕೆನ್ನುವವನು ಪೀತ. ಹಣ್ಣನ್ನಷ್ಟೇ ಕೀಳುವವನು ಪದ್ಮ. ತಾನಾಗಿ ಉದುರಿದ್ದನ್ನು ಆಯ್ದು ತಿನ್ನುವವನು ಶುಕ್ಲ.

ಇಲ್ಲಿ ಗಮನಿಸಬೇಕಾದುದು, ಆಚಾರ್ಯರು ಹೇಳುವುದು ಅವರು ಆಲೋಚಿಸಿದ್ದನ್ನು. ಕೊಡಲಿ ಇನ್ನೂ ಮರಕ್ಕೆ ತಾಗಿಲ್ಲ. ಕಷಾಯದಿಂದ ರಂಜಿತವಾದ ಮನೋವಾಕ್ಕಾಯಗಳ ಪ್ರವೃತ್ತಿಯೇ ಲೇಶ್ಯೆ. ಮರ ನಿಂತಿರುವಾಗಲೇ ಆತ್ಮಕ್ಕೆ ಬಣ್ಣ ಹತ್ತಿರುತ್ತದೆ. ಚಿತ್ರಕಾರನಿಗೆ ಇದು ಕಠಿಣವಾದ ಕೆಲಸ, ಏಕೆಂದರೆ ಆಲೋಚನೆಯನ್ನು ಬರೆಯಲು ಕೈಗೆ ಕೊಡಲಿಯನ್ನು ಕೊಡದೆ ಗತ್ಯಂತರವಿಲ್ಲ. ನೋಡುವವರು ಆ ಕೊಡಲಿಯನ್ನು ಮನಸ್ಸಿನೊಳಗಿನದೆಂದೇ ತಿಳಿಯಬೇಕು. ಆರು ಜನರನ್ನು ಆರು ಬೇರೆ ಜಾತಿಯ ಮನುಷ್ಯರೆಂದು ವಿಂಗಡಿಸುವುದೂ ನನಗೆ ಸರಿಯೆನಿಸದು. ನಮ್ಮ ಭಾವಗಳೊಂದಿಗೆ ಲೇಶ್ಯೆಯೂ ಬದಲಾಗುತ್ತದೆ. ಬೆಳಿಗ್ಗೆ ಬಸದಿಯಲ್ಲಿ ಪದ್ಮವಾಗಿದ್ದವನು ಮಧ್ಯಾಹ್ನ ಅಂಗಡಿಯಲ್ಲಿ ನೀಲವಾಗಬಹುದು.

ಆರೂ ಮಂದಿಯ ಹಸಿವು ಒಂದೇ. ಅದನ್ನು ತಣಿಸಲು ನೆಲದ ಹಣ್ಣೇ ಸಾಕು. ಅದಕ್ಕಿಂತ ಹೆಚ್ಚಿನದೆಲ್ಲವೂ ಪ್ರಯೋಜನವಿಲ್ಲದ ಹಿಂಸೆ. ಶ್ರಾವಕರ ಅನರ್ಥದಂಡ ವಿರತಿಯಲ್ಲಿ ನಿಷ್ಕಾರಣವಾಗಿ ಗಿಡಮರಗಳನ್ನು ಕಡಿಯುವುದನ್ನು ಪ್ರಮಾದಚರ್ಯೆಯೆಂದು ಎಣಿಸಿರುವುದು ಇದಕ್ಕಾಗಿಯೇ. ಚನ್ನಗಿರಿಯ ತೋಟಗಳಲ್ಲಿ ತಾನಾಗಿ ಕಳಚಿ ಬಿದ್ದ ಅಡಿಕೆ ಹಾಳೆಯನ್ನು ಆಯ್ದು ಊಟದ ತಟ್ಟೆ ಮಾಡುತ್ತಾರೆ. ಮರಕ್ಕೆ ಅದರ ಸುದ್ದಿಯೇ ಇಲ್ಲ. ಜಗಳೂರಿನ ಕಡೆ ಬೇಲಿಗೆಂದು ಹಸಿ ಮರವನ್ನು ಉರುಳಿಸುವಾಗ ಒಣಗಿದ ಮುಳ್ಳುಕೊಂಬೆ ಸಾಲದೇ ಎಂದು ಒಮ್ಮೆ ಕೇಳಿಕೊಂಡರೂ ಲೇಶ್ಯೆಯ ಬಣ್ಣ ತುಸು ತಿಳಿಯಾದೀತು.

ಶುಕ್ಲಲೇಶ್ಯೆಯವನು ಕೂಡ ಆ ಕಾಡಿನಲ್ಲೇ ಇದ್ದಾನೆ, ಅವನಿಗೂ ಹಸಿವಿದೆ. ಸಿದ್ಧರು ಅಲೇಶ್ಯರು, ಅವರನ್ನು ಆ ಮರದ ಕೆಳಗೆ ಬರೆಯಲು ಯಾವ ಬಣ್ಣವೂ ಇಲ್ಲ.