ಬಂಜೆತನ ಗಂಡುಬೆಕ್ಕಿಗೂ ಉಂಟು

ಆಳಂದ, ಅಫಜಲಪುರ, ಜೇವರ್ಗಿ ಕಡೆ ತೊಗರಿ ಚೀಲ ಇಟ್ಟ ಮನೆಗೆ ಬೆಕ್ಕು ಬೇಕೇ ಬೇಕು. ಮರಿಯಾಗದಿದ್ದರೆ ಮಾತ್ರ ತಪ್ಪೆಲ್ಲ ಹೆಣ್ಣುಬೆಕ್ಕಿನದು! (ಈ ಮಾತು ಬೆಕ್ಕಿಗಷ್ಟೇ ಹೇಳುವುದೂ ಅಲ್ಲ.) ಸೋದರಿಯರೇ, ಗಂಡನ್ನೂ ಒಮ್ಮೆ ಪರೀಕ್ಷಿಸಿ.

ಮೊದಲು ಮೈಬಣ್ಣ. ಕಪ್ಪು, ಕೇಸರಿ ಎರಡೂ ಬೆರೆತ ಬೆಕ್ಕು ಸಾಮಾನ್ಯವಾಗಿ ಹೆಣ್ಣೇ. ಅಪರೂಪಕ್ಕೆ ಗಂಡಾದರೆ ಅದರಲ್ಲಿ ಹೆಚ್ಚಾಗಿ ಒಂದು ಎಕ್ಸ್ ವರ್ಣತಂತು ಜಾಸ್ತಿ ಇರುತ್ತದೆ; ಅಂಥದ್ದು ಬಹುತೇಕ ಬಂಜೆ, ಔಷಧಿಯಿಲ್ಲ.

ಆಮೇಲೆ ಬಾಲದ ಕೆಳಗೆ ನೋಡಿ. ಎರಡು ತಿಂಗಳ ಹೊತ್ತಿಗೆ ಎರಡೂ ವೃಷಣ, ಅಂದರೆ ಬೀಜ, ಕೈಗೆ ಸಿಗಬೇಕು. ಎಂಟು ತಿಂಗಳಾದರೂ ಸಿಗದಿದ್ದರೆ ಹೊಟ್ಟೆಯೊಳಗೇ ಉಳಿದಿವೆ. ಇಲ್ಲವೇ ಯಾರೋ ಮೊದಲೇ ತೆಗೆಸಿದ್ದಾರೆ. ಬೀಜ ತೆಗೆದ ಬೆಕ್ಕಿನ ಲಿಂಗದ ಸಣ್ಣ ಮುಳ್ಳುಗಳು ಮಾಯವಾಗುತ್ತವೆ, ಪಶುವೈದ್ಯರು ಅದರಿಂದಲೇ ಗುರುತಿಸುತ್ತಾರೆ. ಒಳಗಿನ ಬೀಜಕ್ಕೆ ಮೈಶಾಖ ಹೆಚ್ಚಾಗಿ ವೀರ್ಯಾಣು ಬೆಳೆಯವು. ಒಂದೇ ಇಳಿದಿದ್ದರೆ ಮರಿಯಾದೀತು, ಆದರೆ ದೋಷ ವಂಶಕ್ಕೂ ಬಂದೀತು. ಶಸ್ತ್ರಕ್ರಿಯೆ ಮಾಡಿಸಿ ಎರಡನ್ನೂ ತೆಗೆಸುವುದೇ ಲೇಸು.

ಲಿಂಗಕ್ಕೆ ಕೂದಲು ಉಂಗುರದಂತೆ ಸುತ್ತಿಕೊಂಡರೂ ಕೂಡಲಾಗದು. ವೈದ್ಯರು ಬಿಡಿಸಿದರೆ ಸರಿಹೋಗುತ್ತದೆ.

ಬರೀ ಹಾಲು-ರೊಟ್ಟಿ ಬೆಕ್ಕಿಗೆ ಸಾಲದು, ಅದು ಮಾಂಸಾಹಾರಿ. ಮೀನು, ಬೇಯಿಸಿದ ತತ್ತಿ ಕೊಟ್ಟು, ಜಡ್ಡು ವಾಸಿಮಾಡಿ, ಎರಡು ತಿಂಗಳಾದರೂ ಕಾಯಿರಿ. ಬೆದೆಗೆ ಬಂದ ಹೆಣ್ಣನ್ನೇ ಗಂಡಿನ ಮನೆಗೆ ಒಯ್ಯಿರಿ. ಹೊಸ ಜಾಗದಲ್ಲಿ ಗಂಡುಬೆಕ್ಕು ಅಂಜಿ ಮೂಲೆ ಸೇರುತ್ತದೆ.