ಮಾತಾಡುವವರ ಕಣ್ಣು

“ಹಲೋ... ಹಲೋ... ಮೈಕ್ ಟೆಸ್ಟಿಂಗ್, ಒನ್ ಟೂ ತ್ರೀ.”

ಸುಳ್ಯ ತಾಲ್ಲೂಕಿನ ಆ ಹಳ್ಳಿ ಶಾಲೆಯಲ್ಲಿ ರಾಜ್ಯೋತ್ಸವದ ಸಂಜೆ ಶುರುವಾದದ್ದು ಹೀಗೆ. ಮೈಕ್ ಸೆಟ್ಟಿನ ಹುಡುಗ ಬೆರಳ ತುದಿಯಿಂದ ಮೈಕಿನ ತಲೆಗೆ ಎರಡು ಸಲ ಕುಟ್ಟಿದ. ಅಡಿಕೆ ತೋಟದಾಚೆಯ ಗುಡ್ಡ ಅದನ್ನೇ ತಿರುಗಿ ಹೇಳಿತು. ಶಾಮಿಯಾನದಡಿಯ ಕುರ್ಚಿಗಳು ಮುಕ್ಕಾಲು ಪಾಲು ತುಂಬಿದ್ದವು. ಮುಂದೆ ಚಾಪೆಯ ಮೇಲೆ ಮಕ್ಕಳು. ವೇದಿಕೆಯ ಬದಿಯಲ್ಲೊಂದು ಮರದ ಪೋಡಿಯಂ. ಮೊದಲು ಸಭೆ, ಊಟವಾದ ಮೇಲೆ ತಾಳಮದ್ದಳೆ. ಅಂದರೆ ಸಂಜೆಯಿಂದ ನಡುರಾತ್ರಿವರೆಗೂ ಅಲ್ಲಿ ಮಾತಿನದೇ ರಾಜ್ಯ.

ಮೊದಲು ಬಂದವಳು ಐದನೇ ತರಗತಿಯ ಹುಡುಗಿ. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ. ಮೈಕು ಅವಳ ಹಣೆಯ ಎತ್ತರಕ್ಕಿತ್ತು. ಹುಡುಗ ಓಡಿಬಂದು ತಗ್ಗಿಸಿದ. “ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ನನ್ನ ನೆಚ್ಚಿನ ಗುರುಗಳೇ...” ನಲ್ಲಿ ಬಿಟ್ಟ ಹಾಗೆ ಮಾತು ಸುರಿಯಿತು. 1956ರ ನವೆಂಬರ್ 1ಕ್ಕೆ ಹರಿದು ಹಂಚಿಹೋಗಿದ್ದ ಕನ್ನಡ ಸೀಮೆ ಒಂದಾಯಿತು. 1973ರ ನವೆಂಬರ್ 1ಕ್ಕೆ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. ಅಲ್ಲಿಗೆ ನೀರು ನಿಂತಿತು. ಅವಳ ಕಣ್ಣು ಶಾಮಿಯಾನದ ಕಂಬದ ತುದಿಯಲ್ಲಿ ನೆಟ್ಟಿತ್ತು, ಬರೆದುಕೊಂಡ ಪುಟ ಅಲ್ಲೆಲ್ಲೋ ತೂಗುತ್ತಿದೆ ಎಂಬಂತೆ. ಬೆರಳು ಲಂಗದ ಅಂಚನ್ನು ಸುತ್ತಿತು, ಬಿಟ್ಟಿತು, ಮತ್ತೆ ಸುತ್ತಿತು. ಕೆಳಗಿನಿಂದ ಟೀಚರ್ ಸದ್ದಿಲ್ಲದೆ ತುಟಿ ಆಡಿಸಿ ಮುಂದಿನ ಮಾತು ತೋರಿಸಿದರು. ಅವಳಿಗೆ ಅದು ಕಾಣಲಿಲ್ಲ. ಒಮ್ಮೆ ಉಗುಳು ನುಂಗಿ, ಮೊದಲಿನಿಂದಲೇ ಶುರುಮಾಡಿದಳು: “ವೇದಿಕೆಯ ಮೇಲೆ ಆಸೀನರಾಗಿರುವ...”

ಬಾಯಿಪಾಠದ ಭಾಷಣ ಪೋಣಿಸಿದ ಸರ. ದಾರ ಎಲ್ಲೇ ಕಡಿದರೂ ಮೊದಲ ಮಣಿಯಿಂದಲೇ ಮತ್ತೆ ಪೋಣಿಸಬೇಕು. ಆದರೂ ನಮ್ಮಲ್ಲಿ ಎಷ್ಟೋ ಮಂದಿ ಮಾತು ಕಲಿತದ್ದು ಹೀಗೆ ಸರ ಕಡಿದುಕೊಂಡೇ. ಎರಡನೆಯ ಸಲ ಅವಳು ಕೊನೆಯ ತನಕ ಹೇಳಿ ಮುಗಿಸಿದಾಗ ಬಿದ್ದ ಚಪ್ಪಾಳೆಗೆ ಗುಡ್ಡ ಮತ್ತೊಮ್ಮೆ ಓಗೊಟ್ಟಿತು.

ಅಧ್ಯಕ್ಷರು ತಂದದ್ದು ಟೈಪ್ ಮಾಡಿಸಿದ ಆರು ಹಾಳೆ. ಫ್ಯಾನಿನ ಗಾಳಿಗೆ ಹಾರದಂತೆ ಎಡಗೈಯಲ್ಲಿ ಒತ್ತಿ ಹಿಡಿದು ಓದಿದರು. ಮಾತು ತೂಕದ್ದೇ, ಕನ್ನಡ ಶಾಲೆಗಳ ಬಗ್ಗೆ ಅವರು ಹೇಳಿದ್ದರಲ್ಲಿ ಬಿಡುವಂಥದ್ದು ಒಂದೂ ಇರಲಿಲ್ಲ. ಆದರೆ ಕಣ್ಣು ಹಾಳೆ ಬಿಟ್ಟು ಏಳಲಿಲ್ಲ. ಮೂರನೆಯ ಹಾಳೆಗೆ ಬರುವಾಗ ಚಾಪೆಯ ಮಕ್ಕಳು ಒಬ್ಬರನ್ನೊಬ್ಬರು ಚಿವುಟತೊಡಗಿದ್ದರು. ಓದುವುದು ತಪ್ಪೆಂದು ನಾನು ಹೇಳಲಾರೆ. ಬಜೆಟ್ ಮಂಡಿಸುವ ಮುಖ್ಯಮಂತ್ರಿ ಓದಲೇಬೇಕು, ಅಂಕಿಯೊಂದು ಅತ್ತಿತ್ತ ಆಗುವಂತಿಲ್ಲ. ಎಚ್.ವಿ. ನಂಜುಂಡಯ್ಯನವರ ಅಧ್ಯಕ್ಷತೆಯಲ್ಲಿ 1915ರಲ್ಲಿ ಬೆಂಗಳೂರಿನಲ್ಲಿ ಮೊದಲ್ಗೊಂಡ ಸಾಹಿತ್ಯ ಸಮ್ಮೇಳನಗಳ ಅಧ್ಯಕ್ಷ ಭಾಷಣಗಳನ್ನು ಇವತ್ತೂ ಪುಸ್ತಕದಲ್ಲಿ ಓದಿಕೊಳ್ಳಲು ಸಾಧ್ಯವಾಗಿರುವುದು ಅವು ಬರಹಕ್ಕೆ ಇಳಿದದ್ದರಿಂದ. ನಾಳೆಯವರಿಗೂ ಉಳಿಯಬೇಕಾದ ಮಾತಿಗೆ ಹಾಳೆ ಬೇಕು. ಎದುರಿಗೆ ಕೂತವರಿಗಾಗಿ ಆಡುವಾಗ ಮಾತ್ರ ಆ ಹಾಳೆಯಿಂದ ಆಗಾಗ ಕಣ್ಣೆತ್ತಬೇಕು.

ಮುಖ್ಯ ಅತಿಥಿಯಾಗಿ ಬಂದ ನಿವೃತ್ತ ಮೇಷ್ಟ್ರ ಕೈಯಲ್ಲಿ ಇದ್ದದ್ದು ಮದುವೆ ಕರೆಯೋಲೆಯ ಹಿಂಬದಿಯ ಒಂದು ಚೂರು. ಅದರಲ್ಲಿ ಐದೋ ಆರೋ ಪದ. ಚೂರನ್ನು ಒಮ್ಮೆ ನೋಡಿ ಜೇಬಿಗೆ ಸೇರಿಸಿ, ಸಭೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಮಾತಿಗಿಂತ ಮೊದಲು ಆ ನೋಟ ಬಂದು ನಮ್ಮನ್ನು ಮುಟ್ಟಿತು. ಮೇಷ್ಟ್ರಿಗೆ ದಾರಿ ಮೊದಲೇ ಗೊತ್ತಿತ್ತು. ಎಲ್ಲಿ ನಿಲ್ಲಬೇಕು, ಎಲ್ಲಿ ಬೇಗ ದಾಟಬೇಕು ಎಂಬುದನ್ನು ಕೇಳುವವರ ಮುಖ ನೋಡಿ ತೀರ್ಮಾನಿಸುತ್ತಿದ್ದರು. ಮಕ್ಕಳು ಚಿವುಟುವುದನ್ನು ಬಿಟ್ಟರು.

ವಂದನಾರ್ಪಣೆಗೆ ಮುಂಚೆ ನಿರೂಪಕರು ಹಿಂದಿನ ಸಾಲಿನಲ್ಲಿದ್ದ ಎಂಬತ್ತು ದಾಟಿದ ಅಜ್ಜನೊಬ್ಬರನ್ನು ಕರೆದರು: “ಒಂದೆರಡು ಮಾತು ಹೇಳಿ.”

“ನನಗೆ ಭಾಷಣ ಎಲ್ಲ ಬರುವುದಿಲ್ಲ ಮಾರಾಯ್ರೆ” ಎನ್ನುತ್ತಲೇ ಅಜ್ಜ ಮೈಕನ್ನು ನೇಗಿಲ ಹಿಡಿಯಂತೆ ಗಟ್ಟಿಯಾಗಿ ಹಿಡಿದರು. ತಲೆಯೆತ್ತಿ ಶಾಲೆಯ ಮಾಡು ನೋಡಿದರು. “ಈ ಹಂಚು ಉಂಟಲ್ಲ, ನಾವು ತಲೆಹೊರೆಯಲ್ಲಿ ತಂದದ್ದು. ಆಗ ಇಲ್ಲಿಗೆ ರಸ್ತೆ ಇರಲಿಲ್ಲ. ಒಂದೂ ಒಡೆಯಲಿಲ್ಲ. ಇನ್ನೂ ಒಡೆಯದ ಹಾಗೆ ನೋಡಿಕೊಳ್ಳಿ.” ಅಷ್ಟೇ. ಇಡೀ ಮೈದಾನ ಮಾಡಿನ ಕಡೆ ತಿರುಗಿತು. ಆ ಕ್ಷಣದಲ್ಲಿ ಹುಟ್ಟಿದ ಮಾತು ಎಂದುಕೊಂಡೆವು. ಆದರೆ ಅಜ್ಜ ಅದನ್ನು ಅರುವತ್ತು ವರ್ಷ ಹೊತ್ತುಕೊಂಡೇ ಇದ್ದರು.

ಊಟ ಮುಗಿಯುವಾಗ ಹತ್ತು ಗಂಟೆ. ಪೋಡಿಯಂ ಬದಿಗೆ ಸರಿಯಿತು. ಭಾಗವತರು, ಮದ್ದಳೆ, ಚೆಂಡೆ; ಎರಡು ಬದಿಗೆ ಎದುರುಬದುರಾಗಿ ಅರ್ಥಧಾರಿಗಳು. ವೇಷವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಬಿಳಿ ಪಂಚೆ, ಹೆಗಲ ಮೇಲೊಂದು ಶಾಲು. ಪ್ರಸಂಗ ವಾಲಿಮೋಕ್ಷ. ಭಾಗವತರು ಹಾಡುವ ಪದ್ಯ ಪುಸ್ತಕದಲ್ಲಿದೆ. ಅದಕ್ಕೆ ಹೇಳುವ ಅರ್ಥ ಎಲ್ಲೂ ಬರೆದಿಟ್ಟದ್ದಲ್ಲ. ನಿನ್ನೆ ಆಡಿದ ಪ್ರಸಂಗವೇ ಇವತ್ತು ಬೇರೆ ಮಾತಿನಲ್ಲಿ ಬೆಳೆಯುತ್ತದೆ, ಯಾಕೆಂದರೆ ಎದುರು ಕೂತವರು ಬೇರೆ. ಶೇಣಿ ಗೋಪಾಲಕೃಷ್ಣ ಭಟ್ಟರು, ದೇರಾಜೆ ಸೀತಾರಾಮಯ್ಯನವರು, ಮಲ್ಪೆ ಶಂಕರನಾರಾಯಣ ಸಾಮಗರು ಹೊಳಪು ಕೊಟ್ಟ ಕಲೆ ಇದು. ಕೈಯಲ್ಲಿ ಚೀಟಿ ಇಲ್ಲದಿದ್ದರೂ ಬೆನ್ನಿಗೆ ವರ್ಷಗಟ್ಟಲೆ ಓದಿದ ರಾಮಾಯಣ, ಭಾರತ, ಪುರಾಣಗಳಿರುತ್ತವೆ.

ವಾಲಿಗೆ ಬಾಣ ತಗುಲಿತ್ತು. ಅರ್ಥಧಾರಿ ಒಂದು ಕೈ ಎದೆಗೊತ್ತಿ, ಸ್ವರ ತಗ್ಗಿಸಿ ಕೇಳತೊಡಗಿದರು. ನನಗೂ ನಿನಗೂ ಏನು ಹಗೆ? ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ಸೀತೆಯನ್ನು ತರಲು ನನ್ನನ್ನು ಕೇಳಿದ್ದರೆ ಆಗುತ್ತಿರಲಿಲ್ಲವೆ? ಇಂಥ ಒಂದೊಂದು ಪ್ರಶ್ನೆ ಬಂದಾಗಲೂ ರಾಮನ ಅರ್ಥಧಾರಿ ತೊಡೆಯ ಮೇಲಿದ್ದ ಕೈಯ ಒಂದು ಬೆರಳು ಮಡಚುತ್ತಿದ್ದರು. ಕಣ್ಣು ಎದುರಿನವರ ಮುಖ ಬಿಟ್ಟು ಕದಲಲಿಲ್ಲ. ಮಾತಾಡುವ ಸರದಿ ಇನ್ನೂ ಬಂದಿರಲಿಲ್ಲ. ಆದರೆ ಅವರ ಭಾಷಣ ಆಗಲೇ ಶುರುವಾಗಿತ್ತು, ಕೇಳುವುದರಲ್ಲಿ.

ಎರಡು ಜಡೆಯ ಹುಡುಗಿಗೆ ನಿದ್ದೆ ಬಂದಿರಲಿಲ್ಲ. ಅಮ್ಮನ ಮಡಿಲಿಂದ ಎದ್ದು, ಮೊಣಕಾಲ ಮೇಲೆ ಗಲ್ಲವಿಟ್ಟು ಆ ಕೈಯನ್ನೇ ನೋಡುತ್ತಿದ್ದಳು. ವಾಲಿಯ ಮಾತು ಮುಗಿಯಿತು. ಪದ್ಯವಾಯಿತು. ಚೆಂಡೆ ನಿಂತಿತು. ಇಬ್ಬನಿ ಬೀಳುವ ಸದ್ದು ಕೇಳುವಷ್ಟು ಮೌನ. ರಾಮ ಮಡಚಿದ್ದ ಮೊದಲ ಬೆರಳನ್ನು ಬಿಡಿಸಿದ.

“ವಾಲೀ, ನೀನು ಕೇಳಿದ್ದರಲ್ಲಿ ಮೊದಲನೆಯದು...”